ಬರೆದವರ ಬಾಯಲ್ಲೇ ಕೇಳಬೇಕಾದ ಹಾಡುಗಳು

ಅಮೆರಿಕದ ಸಂಗೀತನಗರಿ ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಹೊರಡುವ ಇಂಟರ್‌ಸ್ಟೇಟ್ 65 ಹೆದ್ದಾರಿಯಲ್ಲಿ ಜನವರಿಯ ಆ ಒಂದು ವಾರ ಹಿಂದಿನ ಸೀಟಿನಲ್ಲಿ ಗಿಟಾರ್ ಮಲಗಿಸಿಕೊಂಡ ಕಾರುಗಳು ಕಣ್ಣಿಗೆ ಬೀಳುತ್ತವೆ. ಟೆನ್ನೆಸಿ ದಾಟಿ, ಅಲಬಾಮಾ ರಾಜ್ಯವನ್ನು ಉದ್ದಕ್ಕೂ ಹಾದು, ಸುಮಾರು 700 ಕಿಲೋಮೀಟರ್ ಹೋದರೆ ಫ್ಲಾರಿಡಾದ ಗಲ್ಫ್ ಕರಾವಳಿ ಸಿಗುತ್ತದೆ. ಅಲ್ಲಿ ಕಡಲಿಗೆ ಅಂಟಿಕೊಂಡು ಸಾಗುವ ಕೌಂಟಿ ರಸ್ತೆಯೊಂದಿದೆ, ಅದರ ನಂಬರು 30ಎ. ಆ ನಂಬರಿನ ಹೆಸರಿನಲ್ಲೇ 2010ರಿಂದ ನಡೆದುಬಂದಿರುವ ಉತ್ಸವ ‘30ಎ ಸಾಂಗ್‌ರೈಟರ್ಸ್ ಫೆಸ್ಟಿವಲ್’.

ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆಗೆ ಹೊಂದಿಕೊಂಡ ವಾರಾಂತ್ಯದಲ್ಲಿ ಇದು ನಡೆಯುತ್ತದೆ. ಅದು ಕಡಲತೀರದ ಊರುಗಳಿಗೆ ಬಿಡುವಿನ ಕಾಲ. ನೀರು ತಣ್ಣಗಿರುತ್ತದೆ, ಬಾಡಿಗೆ ಮನೆಗಳು ಖಾಲಿ ಇರುತ್ತವೆ, ಹೊಸ ವರ್ಷದ ಗದ್ದಲ ಮುಗಿದು ಹಾಡುಗಾರರ ಕೈಯೂ ಖಾಲಿ ಇರುತ್ತದೆ. ಈ ಎರಡು ಬಿಡುವುಗಳನ್ನು ಜೋಡಿಸಿದ್ದು ವಾಲ್ಟನ್ ಕೌಂಟಿಯ ಲಾಭರಹಿತ ಸಂಸ್ಥೆ ಕಲ್ಚರಲ್ ಆರ್ಟ್ಸ್ ಅಲಯನ್ಸ್. ನೂರೈವತ್ತಕ್ಕೂ ಹೆಚ್ಚು ಮಂದಿ ಹಾಡು ಕಟ್ಟುವವರು ಬರುತ್ತಾರೆ. ದೊಡ್ಡ ಹೆಸರುಗಳಿಗಾಗಿ ಬಯಲಿನಲ್ಲಿ ಒಂದು ಮುಖ್ಯ ವೇದಿಕೆ ಇರುತ್ತದೆ. ಉಳಿದ ಕಾರ್ಯಕ್ರಮಗಳೆಲ್ಲ ಹೋಟೆಲಿನ ಊಟದ ಕೋಣೆ, ಬಾರಿನ ಮೂಲೆ, ಸಭಾಭವನ, ಹೀಗೆ ರಸ್ತೆಯುದ್ದಕ್ಕೂ ಹರಡಿದ ಪುಟ್ಟ ಜಾಗಗಳಲ್ಲಿ ನಡೆಯುತ್ತವೆ. ನನ್ನ ಮಟ್ಟಿಗೆ ಆ ಪುಟ್ಟ ಜಾಗಗಳೇ ಉತ್ಸವ.

ಇಲ್ಲಿ ಹಾಡುವವರಲ್ಲಿ ಬಹುಪಾಲು ಜನ ಇಂದು ‘ಅಮೆರಿಕಾನಾ’ ಎಂದು ಕರೆಸಿಕೊಳ್ಳುವ ಸಂಗೀತಕ್ಕೆ ಸೇರಿದವರು. ಜಾನಪದ, ಕಂಟ್ರಿ, ಬ್ಲೂಸ್, ಬ್ಲೂಗ್ರಾಸ್, ಕಪ್ಪು ಚರ್ಚುಗಳ ಗಾಸ್ಪೆಲ್, ಹಳೆಯ ರಾಕ್ ಅಂಡ್ ರೋಲ್ ಎಲ್ಲದರ ಬೇರುಗಳೂ ಇದರಲ್ಲಿವೆ. 1990ರ ದಶಕದಲ್ಲಿ ಕಂಟ್ರಿ ರೇಡಿಯೋ ಕೇಂದ್ರಗಳು ಥಳಥಳಿಸುವ ಹಾಡುಗಳ ಹಿಂದೆ ಬಿದ್ದಾಗ, ಬರಹದಲ್ಲಿ ಕಸುವಿದ್ದ ಅನೇಕರಿಗೆ ಪ್ರಸಾರದಲ್ಲಿ ಜಾಗವೇ ಉಳಿಯಲಿಲ್ಲ. ಅಂಥವರನ್ನು ಒಂದೆಡೆ ತರಲು 1999ರಲ್ಲಿ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿತು. 2010ರಲ್ಲಿ ಗ್ರ್ಯಾಮಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ಆಲ್ಬಂ ಪ್ರಶಸ್ತಿ ಶುರುವಾಯಿತು. ಮೊದಲನೆಯದು ದಿ ಬ್ಯಾಂಡ್ ತಂಡದ ಡ್ರಮ್ಮರ್, ಹಾಡುಗಾರ ಲೆವನ್ ಹೆಲ್ಮ್‌ಗೆ ಸಂದಿತು.

ಇಷ್ಟನ್ನು ಓದಿಕೊಂಡು ವಿಮಾನದಲ್ಲಿ ನೇರ ಫ್ಲಾರಿಡಾಕ್ಕೆ ಹೋಗಿ ಇಳಿಯಬಹುದು. ಆದರೆ ದಾರಿಯಲ್ಲಿ ಬರುವ ಊರುಗಳನ್ನು ತಪ್ಪಿಸಿಕೊಂಡರೆ ಅರ್ಧ ಉತ್ಸವ ತಪ್ಪಿದ ಹಾಗೆ. ಅಲಬಾಮಾ ಗಡಿ ದಾಟಿದ ಕೊಂಚ ಹೊತ್ತಿಗೇ ಅಥೆನ್ಸ್ ಎಂಬ ಸಣ್ಣ ಊರಿನ ಫಲಕ ಕಾಣುತ್ತದೆ. ಅಂಚೆ ಹಂಚುವ ಕೆಲಸ ಮಾಡುತ್ತಿದ್ದ ಬ್ರಿಟನಿ ಹೊವಾರ್ಡ್ ಎಂಬ ಯುವತಿ ಗೆಳೆಯರ ಜೊತೆ ಅಲಬಾಮಾ ಶೇಕ್ಸ್ ತಂಡ ಕಟ್ಟಿದ್ದು ಇಲ್ಲಿ. 2012ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದವರಿಗೆ ಆ ದನಿಯ ಬಿರುಸು ಮರೆಯುವುದಿಲ್ಲ.

ಅಥೆನ್ಸ್‌ನಿಂದ ಪಶ್ಚಿಮಕ್ಕೆ ತಿರುಗಿದರೆ ಟೆನ್ನೆಸಿ ನದಿಯ ದಂಡೆಯಲ್ಲಿ ಒಂದಕ್ಕೊಂದು ತಾಗಿಕೊಂಡ ನಾಲ್ಕು ಊರುಗಳಿವೆ: ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್. ನಾವು ಶಾಲೆಯ ಪಾಠದಲ್ಲಿ ಓದಿದ ಹೆಲೆನ್ ಕೆಲರ್ ಹುಟ್ಟಿದ್ದು ಟಸ್ಕಂಬಿಯಾದಲ್ಲಿ. ಬ್ಲೂಸ್ ಹಾಡುಗಳನ್ನು ಸ್ವರಲಿಪಿಗೆ ಇಳಿಸಿ ಜಗತ್ತಿಗೆ ತಲುಪಿಸಿದ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಹುಟ್ಟಿದ್ದು ಫ್ಲಾರೆನ್ಸ್‌ನಲ್ಲಿ. ರಿಕ್ ಹಾಲ್ ಎಂಬ ಹಟವಾದಿ ನಡೆಸಿದ ಫೇಮ್ ಸ್ಟುಡಿಯೋ ಮಸಲ್ ಶೋಲ್ಸ್‌ನಲ್ಲಿದೆ. ಅರೀಥಾ ಫ್ರ್ಯಾಂಕ್ಲಿನ್ 1967ರ ಜನವರಿಯಲ್ಲಿ ಇಲ್ಲಿ ಹಾಡಿದ ಮೇಲೆ ಅವರ ಬದುಕಿನ ದಿಕ್ಕೇ ಬದಲಾಯಿತು. ಫೇಮ್‌ನಲ್ಲಿ ನುಡಿಸುತ್ತಿದ್ದ ನಾಲ್ವರು ವಾದ್ಯಗಾರರು 1969ರಲ್ಲಿ ಹೊರಬಂದು ಶೆಫೀಲ್ಡ್‌ನಲ್ಲಿ ತಮ್ಮದೇ ಸ್ಟುಡಿಯೋ ತೆರೆದರು. ಅದೇ ವರ್ಷ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಮೂರು ದಿನ ಧ್ವನಿಮುದ್ರಣ ಮಾಡಿಕೊಂಡು ಹೋದರು. ಹೊರಗಿನಿಂದ ನೋಡಿದರೆ ಎರಡೂ ಸಾದಾ ಕಟ್ಟಡಗಳು, ಗೋದಾಮು ಎಂದರೂ ನಂಬಬಹುದು.

ನನಗೆ ಈ ಊರುಗಳಲ್ಲಿ ಸಿಕ್ಕ ದೊಡ್ಡ ಹೆಸರು ಆರ್ಥರ್ ಅಲೆಗ್ಸಾಂಡರ್. 1940ರಲ್ಲಿ ಶೆಫೀಲ್ಡ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ, ಹೋಟೆಲಿನಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವ ಕೆಲಸದಲ್ಲಿದ್ದವನು. ರಿಕ್ ಹಾಲ್‌ಗೆ ಮೊದಲ ಯಶಸ್ಸು ತಂದುಕೊಟ್ಟದ್ದು ಅವನ ಹಾಡು. ಅದನ್ನು ರೋಲಿಂಗ್ ಸ್ಟೋನ್ಸ್ ಎತ್ತಿಕೊಂಡು ಹಾಡಿದರು. ಅವನು ಹಾಡಿದ್ದ ‘ಆ್ಯನಾ’ 1963ರಲ್ಲಿ ಬೀಟಲ್ಸ್ ತಂಡದ ಮೊದಲ ಆಲ್ಬಮ್ಮಿನಲ್ಲೇ ಸೇರಿತು. ಇಂಥ ಎರಡು ದೊಡ್ಡ ತಂಡಗಳು ಅವನಿಂದ ಹಾಡು ಕಡ ಪಡೆದವು. ಆದರೆ ಹಾಡಿನಿಂದ ಬರಬೇಕಾದ ಹಣವಾಗಲಿ ಹೆಸರಾಗಲಿ ಅಲೆಗ್ಸಾಂಡರ್‌ಗೆ ತಕ್ಕಷ್ಟು ಬರಲಿಲ್ಲ. ಅವನು ಸಂಗೀತ ಬಿಟ್ಟು ಕ್ಲೀವ್‌ಲ್ಯಾಂಡಿನಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದ. 1993ರಲ್ಲಿ ಒಂದು ಹೊಸ ಆಲ್ಬಂ ಹೊರತಂದು ಮತ್ತೆ ವೇದಿಕೆಗೆ ಬಂದ, ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡ. ‘ಲೋನ್ಲಿ ಜಸ್ಟ್ ಲೈಕ್ ಮಿ’ ಎಂಬ ಆ ಕೊನೆಯ ಆಲ್ಬಂ ಈಗಲೂ ಕೇಳಲು ಸಿಗುತ್ತದೆ. ಅಲ್ಲಿ ಅವನು ಎಲ್ಲೂ ದನಿ ಏರಿಸುವುದಿಲ್ಲ, ದುಃಖವನ್ನು ಸಭ್ಯವಾಗಿ ಹೇಳುತ್ತಾನೆ, ಅಷ್ಟಕ್ಕೇ ಗಂಟಲು ಕಟ್ಟುತ್ತದೆ.

ಈ ನೆಲದಲ್ಲಿ ಹಾಡು ಕೈಯಿಂದ ಕೈಗೆ ದಾಟುತ್ತಲೇ ಬಂದಿದೆ. ಶೆಫೀಲ್ಡ್ ಸ್ಟುಡಿಯೋದ ಬೇಸ್ ವಾದಕ ಡೇವಿಡ್ ಹುಡ್ ಅವರ ಮಗ ಪ್ಯಾಟರ್ಸನ್ ಹುಡ್, ಡ್ರೈವ್-ಬೈ ಟ್ರಕ್ಕರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು. ಆ ತಂಡಕ್ಕೆ 2001ರಲ್ಲಿ ಸೇರಿದ ಜೇಸನ್ ಇಸ್ಬೆಲ್ ಬೆಳೆದದ್ದು ಪಕ್ಕದ ಗ್ರೀನ್ ಹಿಲ್ ಎಂಬ ಹಳ್ಳಿಯಲ್ಲಿ. ಫೇಮ್ ಸಂಸ್ಥೆಗೆ ಹಾಡು ಬರೆದುಕೊಡುತ್ತಿದ್ದ ಹುಡುಗ, ಇಂದು ಅಮೆರಿಕಾನಾದ ಅತ್ಯುತ್ತಮ ಬರಹಗಾರರ ಸಾಲಿನಲ್ಲಿದ್ದಾರೆ. ಕುಡಿತ ಬಿಟ್ಟ ನಂತರ 2013ರಲ್ಲಿ ಅವರು ಹೊರತಂದ ‘ಸೌತ್‌ಈಸ್ಟರ್ನ್’ ಆಲ್ಬಂ ಇಡಿಯಾಗಿ ಕೂತು ಕೇಳಬೇಕಾದ್ದು.

ಮತ್ತೆ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಅಲಬಾಮಾದ ರಾಜಧಾನಿ ಮಾಂಟ್ಗಮರಿ. 1953ರ ಜನವರಿ ಒಂದರಂದು, ಒಹಾಯೋದ ಕಾರ್ಯಕ್ರಮವೊಂದಕ್ಕೆ ಹೊರಟಿದ್ದ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಕಾರಿನ ಹಿಂದಿನ ಸೀಟಿನಲ್ಲೇ ಪ್ರಾಣ ಬಿಟ್ಟಿದ್ದ. ವಯಸ್ಸು 29. ಅವನ ಅಂತ್ಯಕ್ರಿಯೆ ನಡೆದದ್ದು ಈ ಊರಿನ ಪುರಭವನದಲ್ಲಿ, ಸೇರಿದ್ದ ಜನ ಸುಮಾರು 20,000. ಆ ತಿಳಿನೀಲಿ ಕ್ಯಾಡಿಲಾಕ್ ಕಾರು ಇಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಹೆದ್ದಾರಿಯ ಒಂದು ಭಾಗಕ್ಕೂ ಅವನ ಹೆಸರಿಟ್ಟಿದ್ದಾರೆ. ಆದರೆ ಹುಡುಗ ಹ್ಯಾಂಕ್‌ಗೆ ಗಿಟಾರ್ ಕಲಿಸಿದ್ದು ರೂಫಸ್ ಪೇಯ್ನ್ ಎಂಬ ಕಪ್ಪು ಬೀದಿಗಾಯಕ. ಜನ ಅವನನ್ನು ಟೀ-ಟಾಟ್ ಎಂದು ಕರೆಯುತ್ತಿದ್ದರು. ಅವನು 1939ರಲ್ಲಿ ಬಡತನದಲ್ಲೇ ಸತ್ತ, ಗುರುತಿನ ಕಲ್ಲೂ ಇಲ್ಲದೆ ಇದೇ ಊರಿನ ಲಿಂಕನ್ ಸ್ಮಶಾನದಲ್ಲಿ ಮಣ್ಣಾದ. ಬಹಳ ಕಾಲದ ನಂತರ ಅವನ ನೆನಪಿಗೊಂದು ಕಲ್ಲು ನಿಂತಿದೆ.

ಹ್ಯಾಂಕ್ ಸತ್ತ ಮರುವರ್ಷ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿನ ಡೆಕ್ಸ್‌ಟರ್ ಅವೆನ್ಯೂ ಚರ್ಚಿಗೆ ಪಾದ್ರಿಯಾಗಿ ಬಂದರು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಇದೇ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಕಿಂಗ್ ಜಯಂತಿಯ ವಾರದಲ್ಲಿ ಈ ಬೀದಿಗಳಲ್ಲಿ ನಡೆದಾಗ ಕಂಟ್ರಿ ಸಂಗೀತವನ್ನು ಬರೀ ಬಿಳಿಯರ ಹಾಡು ಎನ್ನುವವರ ಮಾತು ಪೊಳ್ಳಾಗಿ ಕೇಳುತ್ತದೆ. ಬ್ಯಾಂಜೋ ವಾದ್ಯವನ್ನು ಅಮೆರಿಕಕ್ಕೆ ತಂದವರೇ ಗುಲಾಮರಾಗಿ ಬಂದ ಆಫ್ರಿಕನ್ನರು. ರಿಯಾನನ್ ಗಿಡೆನ್ಸ್ ಅವರಂಥ ಕಲಾವಿದರು ಇಂದು ಬ್ಯಾಂಜೋ ಹಿಡಿದೇ ಈ ಚರಿತ್ರೆಯನ್ನು ಎತ್ತಿ ಹೇಳುತ್ತಿದ್ದಾರೆ. ಈ ಋಣವನ್ನು ಬಾಯಿಬಿಟ್ಟು ಹೇಳುವ ಹೊಣೆ ಈ ಸಂಗೀತವನ್ನು ಪ್ರೀತಿಸುವ ಎಲ್ಲರ ಮೇಲೂ ಇದೆ.

ಮಾಂಟ್ಗಮರಿಯಿಂದ 331ನೇ ನಂಬರಿನ ರಸ್ತೆ ಪೈನ್ ಕಾಡುಗಳ ನಡುವೆ ನೇರ ಕೆಳಗಿಳಿದು, ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ 30ಎ ಬಳಿಗೆ ತಂದು ಬಿಡುತ್ತದೆ. ‘ದಿ ಟ್ರೂಮನ್ ಶೋ’ ಸಿನಿಮಾ ಚಿತ್ರೀಕರಣವಾದ ಸೀಸೈಡ್ ಊರು ಈ ರಸ್ತೆಯ ಮೇಲೇ ಇದೆ. ಊರುಗಳು ಸುಂದರವಾಗಿವೆ, ದುಬಾರಿಯಾಗಿವೆ. ಅದರ ಬಗ್ಗೆ ಇಷ್ಟು ಸಾಕು.

ಇಲ್ಲಿ ಗಮನಿಸಬೇಕಾದ್ದು ಹಾಡುವ ಕ್ರಮ. ಮೂರು ನಾಲ್ಕು ಮಂದಿ ಬರಹಗಾರರು ಒಟ್ಟಿಗೆ ಸ್ಟೂಲುಗಳ ಮೇಲೆ ಕೂರುತ್ತಾರೆ. ಒಬ್ಬರು ತಮ್ಮ ಹಾಡು ಹುಟ್ಟಿದ ಬಗೆ ಹೇಳಿ ಹಾಡುತ್ತಾರೆ, ಆಮೇಲೆ ಸರದಿ ಪಕ್ಕದವರದು. ಉಳಿದವರಿಗೆ ಮನಸ್ಸಾದರೆ ಮೆಲ್ಲಗೆ ಗಿಟಾರ್ ಸೇರಿಸುತ್ತಾರೆ. ಇಲ್ಲವಾದರೆ ಅವರೂ ನಮ್ಮಂತೆ ಕೇಳುಗರು. ಈ ಪದ್ಧತಿ 1985ರಲ್ಲಿ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಯಲ್ಲಿ ಶುರುವಾದದ್ದು. ತೊಂಬತ್ತು ಜನ ಕೂರಬಹುದಾದ ಆ ಕೆಫೆಯಲ್ಲಿ ನಾಲ್ವರು ಬರಹಗಾರರು ವೇದಿಕೆ ಬಿಟ್ಟು ಕೋಣೆಯ ನಡುವೆ ಮುಖಾಮುಖಿ ಕೂತು ಹಾಡಿದರು, ಅದೇ ಬಳಕೆಗೆ ಬಂತು. ಹಾಡು ನಡೆಯುವಾಗ ಮಾತಾಡಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಮಾತೇ ಮುಖ್ಯವಾದ ಹಾಡಿಗೆ ಆ ಮೌನ ಬೇಕೇ ಬೇಕು.

ಈ ಉತ್ಸವದ ನೆನಪಿನಲ್ಲಿ ಡೇವಿಡ್ ಓಲ್ನಿ ಅವರ ಹೆಸರು ಸದಾ ಉಳಿಯುತ್ತದೆ. 2020ರ ಜನವರಿ 18ರಂದು ಏಮಿ ರಿಗ್ಬಿ ಮತ್ತು ಸ್ಕಾಟ್ ಮಿಲ್ಲರ್ ಜೊತೆ ಕೂತು ಹಾಡುತ್ತಿದ್ದ ಅವರು ಮೂರನೆಯ ಹಾಡಿನ ನಡುವೆ ನಿಲ್ಲಿಸಿದರು, ಕ್ಷಮಿಸಿ ಎಂದರು, ಕಣ್ಣು ಮುಚ್ಚಿದರು. ಕೈಯಲ್ಲಿ ಗಿಟಾರ್ ಹಾಗೇ ಇತ್ತು. ಸುಮ್ಮನೆ ಒಂದು ಕ್ಷಣ ವಿರಾಮ ತೆಗೆದುಕೊಂಡಿದ್ದಾರೆ ಎಂದೇ ಪಕ್ಕದವರು ತಿಳಿದರು. ಓಲ್ನಿಗೆ 71 ವರ್ಷವಾಗಿತ್ತು. ನ್ಯಾಶ್‌ವಿಲ್‌ನಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬರೆದ ಅವರ ಹೆಸರನ್ನು ಹೊರಗಿನ ಎಷ್ಟೋ ಜನ ಮೊದಲು ಕೇಳಿದ್ದು ಆ ಸಾವಿನ ಸುದ್ದಿಯಲ್ಲಿ. ಎಮಿಲೂ ಹ್ಯಾರಿಸ್, ಲಿಂಡಾ ರಾನ್‌ಸ್ಟಾಟ್ ಇಬ್ಬರೂ ಅವರ ಹಾಡುಗಳನ್ನು ಹಾಡಿದ್ದಾರೆ. ತಾಳಮದ್ದಲೆಯ ಅರ್ಥಧಾರಿ ಪಾತ್ರದೊಳಗೆ ಕೂತು ಮಾತಾಡುವಂತೆ ಓಲ್ನಿ ಯಾರ ಬಾಯಿಂದ ಬೇಕಾದರೂ ಹಾಡಿಸುತ್ತಿದ್ದರು. ‘ಟೈಟಾನಿಕ್’ನಲ್ಲಿ ಕಥೆ ಹೇಳುವುದು ಹಡಗಿಗೆ ಕಾದು ನಿಂತ ಹಿಮಗಡ್ಡೆ. ಇನ್ನೊಂದರಲ್ಲಿ ಯೇಸುವನ್ನು ಜೆರುಸಲೇಮಿಗೆ ಹೊತ್ತ ಕತ್ತೆ. ‘1917’ರಲ್ಲಿ ಮೊದಲ ಮಹಾಯುದ್ಧದ ಸೈನಿಕನೊಬ್ಬನಿಗೆ ಒಂದು ರಾತ್ರಿಯ ನೆಮ್ಮದಿ ಕೊಡುವ ಫ್ರೆಂಚ್ ವೇಶ್ಯೆ. ದೊಡ್ಡ ಘಟನೆಯನ್ನು ಅಂಚಿನಲ್ಲಿ ನಿಂತವರ ಕಣ್ಣಿನಿಂದ ನೋಡುವ ಈ ಧೈರ್ಯ ಜನಪ್ರಿಯ ಸಂಗೀತದಲ್ಲಿ ಬಹಳ ಅಪರೂಪ.

ಮೇರಿ ಗೋಷೇ ಅವರದೂ ಹೀಗೆ ತಡವಾಗಿ ತಿಳಿಯುವ ಹೆಸರು. ನ್ಯೂ ಆರ್ಲಿಯನ್ಸ್‌ನ ಅನಾಥಾಲಯದಿಂದ ದತ್ತು ಹೋದ ಮಗು, ಚಟಗಳಿಗೆ ಬಿದ್ದ ಹದಿಹರೆಯ, ಆಮೇಲೆ ಬೋಸ್ಟನ್‌ನಲ್ಲಿ ಸ್ವಂತ ರೆಸ್ಟೋರೆಂಟ್. ಹಾಡು ಬರೆಯತೊಡಗಿದ್ದು ಮೂವತ್ತು ದಾಟಿದ ಮೇಲೆ. 2018ರ ‘ರೈಫಲ್ಸ್ ಅಂಡ್ ರೋಸರಿ ಬೀಡ್ಸ್’ ಆಲ್ಬಂಗಾಗಿ ಅವರು ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಮನೆಯವರ ಜೊತೆ ಕೂತು, ಅವರ ಮಾತುಗಳಿಂದಲೇ ಹಾಡು ಕಟ್ಟಿದರು. ಹಾಡುಗಳಿಗೆ ಆ ಸೈನಿಕರ, ಅವರ ಮನೆಯವರ ಹೆಸರು ಸಹಲೇಖಕರಾಗಿ ಸೇರಿದೆ.

ಹೋಗಬೇಕೆನ್ನುವವರಿಗೆ ಒಂದು ಮಾತು. ಅಟ್ಲಾಂಟಾದಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ, ಅವರಿಗೆ 30ಎ ಅರ್ಧ ದಿನದ ಡ್ರೈವ್ ಮಾತ್ರ. ಮಾಂಟ್ಗಮರಿ ಅವರ ದಾರಿಯಲ್ಲೇ ಬರುತ್ತದೆ. ಟಿಕೆಟ್ಟನ್ನು ತಿಂಗಳುಗಳ ಮುಂಚೆಯೇ ಕೊಳ್ಳುವುದು ಲೇಸು. ವೇಳಾಪಟ್ಟಿ ಕೈಗೆ ಬಂದಾಗ ಗೊತ್ತಿರುವ ಹೆಸರುಗಳಿಗೆ ಒಂದು ಸಂಜೆ ಸಾಕು, ಉಳಿದ ಹೊತ್ತನ್ನು ಕೇಳಿಯೇ ಇಲ್ಲದ ಹೆಸರುಗಳಿಗೆ ಕೊಡಿ. ಸಣ್ಣ ಕೋಣೆಗಳು ಬೇಗ ತುಂಬುತ್ತವೆ, ಒಳಗಿದ್ದವರು ಎದ್ದ ಮೇಲೆ ಹೊರಗಿದ್ದವರಿಗೆ ಜಾಗ. ಆದ್ದರಿಂದ ಒಂದು ಸುತ್ತು ಮೊದಲೇ ಹೋಗಿ ಕೂತಿರಿ. ಹಾಡು ಹಿಡಿಸಿದರೆ ಹೊರಗಿನ ಮೇಜಿನ ಮೇಲಿರುವ ಸಿ.ಡಿ. ಕೊಳ್ಳಿ. ಸ್ಟ್ರೀಮಿಂಗ್‌ನಿಂದ ಈ ಕಲಾವಿದರ ಕೈಗೆ ಬರುವುದು ಪುಡಿಗಾಸು, ಮುಂದಿನ ಊರಿನ ಪೆಟ್ರೋಲು ತುಂಬುವುದು ಆ ಮೇಜಿನ ಹಣದಿಂದ.