ಡಾಲ್ಫಿನ್: ಬೆಂಗಳೂರಿನಲ್ಲಿ ಮರುಹುಟ್ಟು ಪಡೆದ ಬ್ರಿಟಿಷ್ ಪುಟ್ಟ ಕಾರು

ಬೆಂಗಳೂರು: ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೇ, 1982ರಲ್ಲಿ, ಯಶವಂತಪುರ ಸಮೀಪದ ತುಮಕೂರು ರಸ್ತೆಯ ಸಿಪಾನಿ ಆಟೋಮೊಬೈಲ್ಸ್ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ಹೊರತಂದಿತ್ತು.

ಇದರ ಮೂಲ, ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಯು 1975ರಲ್ಲಿ ಪರಿಚಯಿಸಿದ ‘ಕಿಟನ್’. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಹೊರಮೈ. ಹೀಗಾಗಿ ತೂಕ ಕಡಿಮೆ, ಹೊರಮೈಗೆ ತುಕ್ಕಿನ ಭಯವಿಲ್ಲ.

ಎಂಜಿನ್‌ಗೂ ಒಂದು ಚರಿತ್ರೆಯಿದೆ. ರಿಲಯಂಟ್ 1962ರಲ್ಲಿ ತನ್ನ ತ್ರಿಚಕ್ರ ಕಾರು ‘ರೀಗಲ್’ಗೆ ಸುಮಾರು 600 ಸಿಸಿಯ, ನಾಲ್ಕು ಸಿಲಿಂಡರ್‌ಗಳ ಅಲ್ಯೂಮಿನಿಯಂ ಎಂಜಿನ್ ಅಳವಡಿಸಿತು. ಅದು ಕ್ರಮೇಣ 701 ಹಾಗೂ 748 ಸಿಸಿಗೆ ಹಿಗ್ಗಿ, ಕಿಟನ್ ವೇಳೆಗೆ 848 ಸಿಸಿ ತಲುಪಿತು. ಸಾಮರ್ಥ್ಯ ಸುಮಾರು 40 ಅಶ್ವಶಕ್ತಿ. ಡಾಲ್ಫಿನ್‌ನಲ್ಲಿದ್ದುದೂ 848 ಸಿಸಿ ಎಂಜಿನ್ನೇ.

ಹಗುರ ಮೈಯಿಂದಾಗಿ ರ‍್ಯಾಲಿ ಪಟುಗಳು ಡಾಲ್ಫಿನ್ ಅನ್ನು ಮೆಚ್ಚಿದರು. ಆದರೆ ಪಕ್ಕದಲ್ಲಿ ಎರಡೇ ಬಾಗಿಲುಗಳಿದ್ದ ಕಾರು ಕುಟುಂಬಗಳಿಗೆ ಅನುಕೂಲಕರವಾಗಿರಲಿಲ್ಲ. ಈ ಕೊರತೆ ನೀಗಿಸಲು 1987ರಲ್ಲಿ ನಾಲ್ಕು ಪಕ್ಕದ ಬಾಗಿಲುಗಳ ‘ಮೊಂಟಾನಾ’ ಬಂತು. ಬಳಿಕ ಅದರ ಡೀಸೆಲ್ ಮಾದರಿ ‘ಡಿ1’ ಸಹ ಬಂತು.

ಅಷ್ಟರಲ್ಲಿ ಕಾಲ ಮಿಂಚಿತ್ತು. ಮಾರುತಿಯ 796 ಸಿಸಿ ಎಂಜಿನ್ ಡಾಲ್ಫಿನ್‌ನದಕ್ಕಿಂತ ಚಿಕ್ಕದೇ. ಆದರೆ ಅದರ ಬೆನ್ನಿಗೆ ಸರ್ಕಾರದ ಬಂಡವಾಳ, ಸುಜುಕಿಯ ತಂತ್ರಜ್ಞಾನ ಮತ್ತು ಬೃಹತ್ ಉತ್ಪಾದನೆಯ ಬಲವಿತ್ತು. ಬೆಂಗಳೂರಿನ ಕಾರು ಸೋತದ್ದು ಎಂಜಿನ್‌ನಲ್ಲಲ್ಲ, ಮಾರುಕಟ್ಟೆಯಲ್ಲಿ.