ಅಕ್ಕನ ಹಳೇ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಹಾಕುದು?

ನಮ್ಮ ಕನ್ನಡ ಸಂಘದಲ್ಲಿ ಕೊಲ್ಲಮೊಗ್ರಿನ ಗೆಳೆಯನೊಬ್ಬ ಇದ್ದಾನೆ. ಅಕ್ಕನ ಓದು ಮುಗಿದ ಮೇಲೆ ಅವಳ ಲ್ಯಾಪ್‌ಟಾಪ್ ಇವನ ಕೈಗೆ ಬಂತು. 4 ಜಿಬಿ ರ‍್ಯಾಮ್, ವಿಂಡೋಸ್ 10. ಆ ವಿಂಡೋಸಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕುವ ಅಂದ್ರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಹೊಸತಿರಬೇಕು. ಈ ವರ್ಷ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಕೇಳುವ ಹಾಗಿಲ್ಲ. "ಲಿನಕ್ಸ್ ಹಾಕುದಾದ್ರೆ ಯಾವುದು ಮಾರಾಯ್ರೆ?" ಅಂತ ಕೇಳಿದ. ಹಾಸ್ಟೆಲಿನಲ್ಲಿ ಆರು ಜನ ಆರು ಹೆಸರು ಹೇಳಿದ್ರು! ಹಾಗಾಗಿ ನಾವು ಕೂತು ಲೆಕ್ಕ ಹಾಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಡಿಸ್ಟ್ರೋ ಅಂದ್ರೆ ಎಂತ?

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು ಕರ್ನೆಲ್ ಮಾತ್ರ. ಅದರ ಜೊತೆ ಡೆಸ್ಕ್‌ಟಾಪ್, ಸಾಫ್ಟ್‌ವೇರ್, ಅಪ್‌ಡೇಟ್ ವ್ಯವಸ್ಥೆ ಎಲ್ಲ ಸೇರಿಸಿ ಕೊಡುವ ಪೂರ್ತಿ ಕಟ್ಟೇ ಡಿಸ್ಟ್ರೋ. ಅಡಿಕೆಯಲ್ಲಿ ಮಂಗಳ, ಮೋಹಿತ್‌ನಗರ ಅಂತ ತಳಿ ಇದ್ದ ಹಾಗೆ. ಯಾವ ತಳಿ ಒಳ್ಳೇದು ಅಂತ ಕೇಳುವ ಮೊದಲು ನಮ್ಮ ಜಾಗ ಹೇಗುಂಟು ಅಂತ ನೋಡಬೇಕು.

ನೋಡಬೇಕಾದ ನಾಲ್ಕು ವಿಷಯ

ಒಂದು, ಮನೆಯ ನೆಟ್‌ವರ್ಕ್. ಘಟ್ಟದ ಬುಡದಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸಿಗ್ನಲ್ ಕೂಡ ಹೋಗ್ತದೆ. ಅಲ್ಲಿಗೆ ದಿನಾ ಅಪ್‌ಡೇಟ್ ಕೇಳುವ ಆರ್ಚ್ ಸರಿಯಲ್ಲ. ಫೆಡೋರಾ ಒಳ್ಳೆಯದೇ, ಆದರೆ ಅದರ ಒಂದೊಂದು ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು ಮಾತ್ರ. ಉಬುಂಟು 24.04 ಎಲ್‌ಟಿಎಸ್‌ಗೆ, ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಉಂಟು. ಡಿಗ್ರಿ ಮುಗಿಯುವವರೆಗೆ ಚಿಂತೆ ಇಲ್ಲ.

ಎರಡು, ರ‍್ಯಾಮ್. 4 ಜಿಬಿ ಇದ್ರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 8 ಜಿಬಿ ಇದ್ರೆ ಸಿನಮನ್ ಹಾಕಬಹುದು. ಎರಡರಲ್ಲೂ ಮೆನು, ಟಾಸ್ಕ್‌ಬಾರ್ ವಿಂಡೋಸಿನ ಹಾಗೇ ಇರುವುದರಿಂದ ಕೈಗೆ ಬೇಗ ಹತ್ತುತ್ತದೆ.

ಮೂರು, ಲ್ಯಾಬ್. ಜಿಸಿಸಿ, ಪೈಥಾನ್, ಆರ್ಡುಯಿನೋ, ಕೈಕ್ಯಾಡ್, ಮ್ಯಾಟ್‌ಲ್ಯಾಬ್ ಎಲ್ಲ ಲಿನಕ್ಸಿನಲ್ಲಿ ನಡೆಯುತ್ತವೆ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, 8051 ಲ್ಯಾಬಿನ ಕೈಲ್ ವಿಂಡೋಸಿಗೆ ಮಾಡಿದವು. ಅವು ಬೇಕಾದವರು ವಿಂಡೋಸ್ ಅಳಿಸಬೇಡಿ, ಡ್ಯುಯಲ್ ಬೂಟ್ ಮಾಡಿ.

ನಾಲ್ಕು, ಕೆಟ್ಟರೆ ಕೇಳುವವರು. ಉಬುಂಟುವಿಗೆ ಸಿಗುವ ಪರಿಹಾರಗಳಲ್ಲಿ ಹೆಚ್ಚಿನವು ಮಿಂಟ್‌ಗೂ ಆಗುತ್ತವೆ. ಕಾಲಿ ಬೇಡವೇ ಬೇಡ. ಸೆಕ್ಯೂರಿಟಿ ಪರೀಕ್ಷೆಗೆಂದು ಮಾಡಿದ ಅದು ಹೊಸಬರಿಗಲ್ಲ ಅಂತ ಕಾಲಿಯವರೇ ಬರೆದಿದ್ದಾರೆ.

ಇಷ್ಟೆಲ್ಲ ನೋಡಿ ಅವನಿಗೆ ನಾವು ಹೇಳಿದ್ದು: ಮಿಂಟ್, ಎಕ್ಸ್‌ಎಫ್‌ಸಿಇ. ಫೈಲ್ ಸುಮಾರು 3 ಜಿಬಿ, ಉಬುಂಟುವಿನದು ಹತ್ತಿರ ಹತ್ತಿರ ಅದರ ಎರಡು ಪಟ್ಟು.

ಹಾಕುವ ಮೊದಲು

ಡೌನ್‌ಲೋಡ್, ಮೊದಲ ಅಪ್‌ಡೇಟ್ ಎರಡನ್ನೂ ಕ್ಯಾಂಪಸ್ ವೈಫೈಯಲ್ಲೇ ಮುಗಿಸಿ. ರೂಫಸ್ ಅಥವಾ ಎಚರ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ. ಆಮೇಲೆ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಟಚ್‌ಪ್ಯಾಡ್ ಪರೀಕ್ಷಿಸಿ. ಇನ್‌ಸ್ಟಾಲ್ ಒತ್ತುವ ತನಕ ಹಾರ್ಡ್‌ಡಿಸ್ಕಿಗೆ ಏನೂ ಆಗುವುದಿಲ್ಲ.

ಪ್ರಾಜೆಕ್ಟ್, ನೋಟ್ಸ್, ಮನೆಯ ಫೋಟೋ ಬೇರೆ ಕಡೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಡಿ. 'ಇರೇಸ್ ಡಿಸ್ಕ್' ಅಂದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ವಿಂಡೋಸ್ ಉಳಿಯಬೇಕಾದರೆ 'ಇನ್‌ಸ್ಟಾಲ್ ಅಲಾಂಗ್‌ಸೈಡ್' ಆರಿಸಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಗುಡುಗು ಮಳೆಯ ಸಂಜೆ ಈ ಕೆಲಸ ಬೇಡ. ಅರ್ಧದಲ್ಲಿ ಕರೆಂಟ್ ಹೋದ್ರೆ ಇದ್ದ ವಿಂಡೋಸೂ ಇಲ್ಲ, ಹೊಸ ಲಿನಕ್ಸೂ ಇಲ್ಲ.

ಕನ್ನಡ ಬರ್ತದಾ?

ಚೆನ್ನಾಗಿ ಬರ್ತದೆ. ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ ಕನ್ನಡದಲ್ಲಿ ಕಗಪ ಆರಿಸಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಬೆರಳು ತಾನಾಗಿ ಓಡುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಪುಕ್ಕಟೆ ಸಿಗುತ್ತವೆ.

ಒಂದು ಶನಿವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಸಂಘದ ಕೋಣೆಗೆ ಬನ್ನಿ. ಪೆನ್‌ಡ್ರೈವ್ ನಮ್ಮಲ್ಲಿ ಉಂಟು. ಬ್ಯಾಕಪ್ ಮಾತ್ರ ನೀವೇ ಮಾಡಿ ತನ್ನಿ.