ಗಣಕದಲ್ಲಿ ವರ್ಣಸಂಚಯ: ಮೊಳಕಾಲ್ಮೂರಿನ ರೇಷ್ಮೆ ಮತ್ತು ಚಳ್ಳಕೆರೆಯ ಕಂಬಳಿಗಳ ನಿದರ್ಶನದಲ್ಲಿ

ಮೊಳಕಾಲ್ಮೂರು ಸೀಮೆ ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಅಶೋಕಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದಂದಿನಿಂದ ಆ ಹೆಸರು ವಿದ್ವಲ್ಲೋಕದಲ್ಲಿ ಸ್ಥಿರವಾಗಿದೆ. ಜನಸಾಮಾನ್ಯರು ಆ ಊರನ್ನು ಬಲ್ಲುದು ಅದರ ರೇಷ್ಮೆ ಸೀರೆಗಳಿಂದ. ನೆರೆಯ ಚಳ್ಳಕೆರೆಯನ್ನು ಬಲ್ಲುದು ಕುರಿಯುಣ್ಣೆಯ ಕಂಬಳಿಗಳಿಂದ. ಶಿಲಾಕ್ಷರಕ್ಕೆ ಕಾಗದದ ಮೇಲೆ ಪಡಿಯಚ್ಚು ತೆಗೆಯಬಹುದು. ಬಟ್ಟೆಯ ಬಣ್ಣಕ್ಕೆ ಅಂತಹ ಪಡಿಯಚ್ಚು ಇಲ್ಲ. ಬಿಸಿಲಿಗೂ ತೊಳೆತಕ್ಕೂ ಅದು ಸವೆಯುತ್ತ ಹೋಗುತ್ತದೆ. ಚಿತ್ರಸಂಸ್ಕರಣ ತಂತ್ರಾಂಶಗಳಲ್ಲಿ ಬಣ್ಣವನ್ನು ಹೆಕ್ಕಿ, ಹೆಸರಿಟ್ಟು, ಕೂಡಿಟ್ಟು, ಬೇಕಾದಾಗ ಮರಳಿ ಬಳಸುವ ಸೌಕರ್ಯವು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲುದು. ಆದರೆ ಅದನ್ನು ಬಳಸುವವನಿಗೆ ಗ್ರಂಥಸಂಪಾದಕನ ಎಚ್ಚರವೇ ಬೇಕಾಗುತ್ತದೆ.

ಗಣಕವು ಬಣ್ಣವನ್ನು ಹೆಸರಿನಿಂದ ಅರಿಯದು, ಅಂಕೆಗಳಿಂದ ಅರಿಯುತ್ತದೆ. ಕೆಂಪು, ಹಸಿರು, ನೀಲಿ ಈ ಮೂರರ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರವರೆಗೆ ಎಣಿಸುವುದರಿಂದ ಒಟ್ಟು 1,67,77,216 ಬಣ್ಣಗಳು ಲಭ್ಯವಾಗುತ್ತವೆ. ವರ್ಣಗುಣವು ಒಂದರಿಂದ ಅನಂತದವರೆಗೆ ಏರುವುದೆಂಬ ಆಗಮದ ಮಾತನ್ನು ಬಲ್ಲವರಿಗೆ ಈ ಎಣಿಕೆ ಚಿಕ್ಕದೆನಿಸಿದರೆ ಆಶ್ಚರ್ಯವಿಲ್ಲ.

ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಇಂತಹ ಸಂಗ್ರಹಕ್ಕೆ ಪ್ಯಾಲೆಟ್ ಎಂದು ಹೆಸರು. ತಂತ್ರಾಂಶದೊಡನೆ ಬರುವ ಪ್ಯಾಲೆಟ್‌ಗಳನ್ನು ತಿದ್ದಲಾಗದು. ಹೊಸದೊಂದನ್ನು ತೆರೆದು, ಹೆಕ್ಕುವ ಸಾಧನದಿಂದ ಚಿತ್ರದ ಬಣ್ಣವನ್ನು ಪಡೆದು ಸೇರಿಸಬೇಕು. ಹೀಗೆ ಉಳಿದ ಕಡತವು ಸರಳ ಪಠ್ಯವೇ ಆಗಿದೆ. ಒಂದೊಂದು ಸಾಲಿನಲ್ಲಿ ಮೂರು ಅಂಕೆಗಳೂ ಒಂದು ಹೆಸರೂ ಇರುತ್ತವೆ. ತಂತ್ರಾಂಶವಿಲ್ಲದೆಯೂ ಅದನ್ನು ಓದಬಹುದೆಂಬುದು ದೀರ್ಘಕಾಲದ ರಕ್ಷಣೆಯ ದೃಷ್ಟಿಯಿಂದ ದೊಡ್ಡ ಗುಣ. ಇಂಕ್‌ಸ್ಕೇಪ್ ಕೂಡ ಇದೇ ಕಡತವನ್ನು ಸ್ವೀಕರಿಸುತ್ತದೆ. ಫೋಟೋಶಾಪ್‌ನಲ್ಲಿ ಇದೇ ಕಾರ್ಯಕ್ಕೆ ಸ್ವಾಚಸ್ ಎಂಬ ಫಲಕವುಂಟು. ಫಲಕದಲ್ಲಿ ಕಾಣುವ ಬಣ್ಣ ಭದ್ರವಾಗಿದೆಯೆಂದು ತಿಳಿಯುವುದು ಮಾತ್ರ ತಪ್ಪು. ತಂತ್ರಾಂಶದ ಆದ್ಯತೆಗಳನ್ನು ಮೊದಲ ಸ್ಥಿತಿಗೆ ಮರಳಿಸಿದಾಗ ಅವು ಅಳಿಯಬಹುದಾದುದರಿಂದ ಬೇರೆ ಕಡತವಾಗಿ ತೆಗೆದಿರಿಸಬೇಕು.

ನಿಜವಾದ ತೊಡಕು ಇರುವುದು ಹೆಕ್ಕುವಲ್ಲಿ. ಮೊಳಕಾಲ್ಮೂರಿನ ಸೀರೆಯಲ್ಲಿ ಒಡಲಿನ ಬಣ್ಣ ಬೇರೆ, ಅಂಚಿನದು ಬೇರೆ, ನಡುವೆ ಜರಿಯ ಹೊಳಪು. ಹಾಸಿನ ನೂಲು ಒಂದು ಬಣ್ಣದ್ದು, ಹೊಕ್ಕಿನ ನೂಲು ಇನ್ನೊಂದು ಬಣ್ಣದ್ದು ಆದ ರೇಷ್ಮೆಯಲ್ಲಿ ನವಿಲುಗೊರಳಿನಂತೆ ಮಡಿಕೆ ಮಡಿಕೆಗೂ ಬಣ್ಣ ತಿರುಗುತ್ತದೆ. ಅಂತಹ ಬಟ್ಟೆಯ ಛಾಯಾಚಿತ್ರದ ಮೇಲೆ ದೂರದಿಂದ ಹೆಕ್ಕಿದರೆ ಎರಡು ನೂಲುಗಳ ಸರಾಸರಿ ದೊರೆಯುವುದೇ ಹೊರತು ನೇಕಾರನು ಮಗ್ಗಕ್ಕೆ ಏರಿಸಿದ ಯಾವ ನೂಲಿನ ಬಣ್ಣವೂ ಅಲ್ಲ. ಎರಡು ಪ್ರತಿಗಳ ಪಾಠವನ್ನು ಬೆರೆಸಿ ಎಲ್ಲಿಯೂ ಇಲ್ಲದ ಮೂರನೆಯ ಪಾಠವನ್ನು ಕಟ್ಟಿದಂತೆ ಇದು. ಆದುದರಿಂದ ಎಳೆಗಳು ಬಿಡಿಯಾಗಿ ಕಾಣುವಷ್ಟು ಸಮೀಪದ ಚಿತ್ರವನ್ನು ತೆಗೆದು, ಹಾಸು ಹೊಕ್ಕುಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಒಂದೇ ಬಿಂದುವನ್ನು ನಂಬದೆ ಸುತ್ತಣ ಕೆಲವು ಬಿಂದುಗಳ ಸರಾಸರಿ ಪಡೆಯುವ ಏರ್ಪಾಡು ಸಾಧನದಲ್ಲಿಯೇ ಇದೆ. ಆ ವ್ಯಾಪ್ತಿ ಎಳೆಯ ಅಗಲವನ್ನು ಮೀರಬಾರದು. ಜರಿಯನ್ನು ಹೆಕ್ಕುವ ಪ್ರಯತ್ನವೇ ವ್ಯರ್ಥ. ಚಿನ್ನದ ಹೊಳಪು ಬೆಳಕಿನ ಪ್ರತಿಫಲನ, ಅದು ಒಂದು ಅಂಕೆಗೆ ಸಿಕ್ಕುವುದಿಲ್ಲ.

ಕಂಬಳಿಯ ಕಷ್ಟ ಬೇರೆ ಬಗೆಯದು. ಬಣ್ಣ ಹಾಕದ ಉಣ್ಣೆಯ ಕಪ್ಪು ಕುರಿಯ ಮೈಯದೇ; ಅದರಲ್ಲಿ ಕಂದು, ಬೂದು ಛಾಯೆಗಳು ಸಹಜವಾಗಿ ಬೆರೆತಿರುತ್ತವೆ. ಕಪ್ಪೇ ತುಂಬಿದ ನೋಟವನ್ನು ಸ್ವಯಂಚಾಲಿತ ಕ್ಯಾಮೆರಾ ಬೆಳಗಿಸಿ ಬೂದಾಗಿಸುತ್ತದೆ. ಬೂದನ್ನೇ ಹೆಕ್ಕಿ ಕಂಬಳಿಯ ಕಪ್ಪೆಂದು ಹೆಸರಿಟ್ಟರೆ ದಾಖಲೆಯೇ ಸುಳ್ಳಾಗುತ್ತದೆ. ಇದಕ್ಕೆ ಪರಿಹಾರ, ವಸ್ತುವಿನ ಪಕ್ಕದಲ್ಲಿ ಪ್ರಮಾಣಿತ ವರ್ಣಫಲಕವನ್ನಿರಿಸಿ ಚಿತ್ರ ತೆಗೆಯುವುದು. 1976ರಲ್ಲಿ ಪ್ರಚಾರಕ್ಕೆ ಬಂದ 24 ಚೌಕಗಳ ಫಲಕ ಇಂದಿಗೂ ಬಳಕೆಯಲ್ಲಿದೆ. ಅದರ ಬೂದು ಚೌಕಗಳು ತಮ್ಮ ನಿಜಮೌಲ್ಯಕ್ಕೆ ಬರುವಂತೆ ಚಿತ್ರವನ್ನು ಸರಿಪಡಿಸಿದ ಮೇಲೆಯೇ ಬಣ್ಣ ಹೆಕ್ಕುವುದು ಯುಕ್ತ.

ಅಂಕೆಗಳು ತಾವೇ ಪೂರ್ಣವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅದೇ ಮೂರು ಅಂಕೆಗಳು ಎಸ್‌ಆರ್‌ಜಿಬಿ ಎಂಬ ವರ್ಣವ್ಯವಸ್ಥೆಯಲ್ಲಿ ಒಂದು ಬಣ್ಣವನ್ನೂ ಅಡೋಬಿ ಆರ್‌ಜಿಬಿ ವ್ಯವಸ್ಥೆಯಲ್ಲಿ ಇನ್ನೊಂದನ್ನೂ ಸೂಚಿಸುತ್ತವೆ. ಗಿಂಪ್‌ನ ಮೇಲ್ಕಂಡ ಸರಳ ಕಡತ ಈ ವ್ಯವಸ್ಥೆಯ ಹೆಸರನ್ನು ಹೊತ್ತು ತರುವುದಿಲ್ಲ. ಪ್ರತಿಯ ಸಂಕೇತವಿಲ್ಲದ ಪಾಠಾಂತರಕ್ಕೆ ಎಷ್ಟು ಬೆಲೆಯೋ ಇಂತಹ ಅಂಕೆಗೂ ಅಷ್ಟೇ. ಬಣ್ಣದ ಹೆಸರಿನ ಜಾಗದಲ್ಲಿ ‘ಚೆಂದದ ಕೆಂಪು’ ಎಂದು ಬರೆಯುವ ಬದಲು ‘ಸೀರೆ 2, ಅಂಚು, ಹೊಕ್ಕು, ಒಳಮಡಿಕೆ, ಎಸ್‌ಆರ್‌ಜಿಬಿ’ ಎಂದು ಬರೆದರೆ ಮುಂದಿನವನಿಗೆ ಆಧಾರ ಸಿಗುತ್ತದೆ. ಒಳಮಡಿಕೆಯೆಂದು ಸೂಚಿಸುವುದು ಅವಶ್ಯ. ಬಿಸಿಲು ಕಾಣದ ಆ ಭಾಗದಲ್ಲಿ ಮೊದಲ ಬಣ್ಣ ಹೆಚ್ಚು ಉಳಿದಿರುವ ಸಂಭವವುಂಟು.

ಹೀಗೆ ಕೂಡಿಟ್ಟ ಬಣ್ಣವನ್ನು ಮರಳಿ ಬಳಸುವಾಗ ಮೂಲಚಿತ್ರವನ್ನು ಮುಟ್ಟದೆ ಬೇರೊಂದು ಪದರದಲ್ಲಿ ತುಂಬುವುದು ಕ್ರಮ. ಹೊಸ ಸೀರೆಯ ವಿನ್ಯಾಸವನ್ನು ತೆರೆಯ ಮೇಲೆ ನೋಡಲು ಇದು ಸಾಲುತ್ತದೆ. ನೂಲಿಗೆ ಬಣ್ಣ ಹಾಕುವವನಿಗೆ ಇದಿಷ್ಟೇ ಸಾಲದು. ತೆರೆಯ ಅಂಕೆ ಬಣ್ಣದ ಪಾಕವಲ್ಲ. ಒಂದು ಬೆಳಕಿನಲ್ಲಿ ಸಮನಾಗಿ ಕಂಡ ಎರಡು ನೂಲುಗಳು ಮತ್ತೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಅದಕ್ಕಾಗಿ ನಾಲ್ಕು ಬೆರಳಷ್ಟು ನೂಲಿನ ತುಣುಕನ್ನು ಅದೇ ಹೆಸರಿನ ಲಕೋಟೆಯಲ್ಲಿ ಕತ್ತಲಲ್ಲಿ ಇಡಬೇಕು.

ಮೂಡುಬಿದಿರೆಯ ಧವಳಾ ಗ್ರಂಥಗಳ ಸಚಿತ್ರ ಓಲೆಗಳಂತಹ 12ನೆಯ ಶತಮಾನದ ವಸ್ತುಗಳಿಂದ ತುಣುಕು ತೆಗೆಯುವ ಮಾತೇ ಇಲ್ಲ. ಅಲ್ಲಿ ಉಳಿಯುವುದು ಛಾಯಾಚಿತ್ರವೊಂದೇ. ಮಾಸಿದ ಕೆಂಪನ್ನು ಕಣ್ಣಂದಾಜಿನಿಂದ ಉಜ್ಜ್ವಲಗೊಳಿಸಿ ಅಚ್ಚು ಹಾಕಿದರೆ, ಓಲೆಯನ್ನು ಕಾಣದ ಓದುಗರು ಅದನ್ನೇ ಚಿತ್ರಕಾರನ ಬಣ್ಣವೆಂದು ನಂಬುತ್ತಾರೆ. ತಿದ್ದಿದ ಚಿತ್ರದ ಜೊತೆಗೆ ತಿದ್ದದ ಚಿತ್ರವನ್ನೂ ವರ್ಣಕಡತವನ್ನೂ ಭಂಡಾರದಲ್ಲಿರಿಸಿದರೆ ಆ ತಿದ್ದುಪಡಿಯನ್ನು ಪರಿಶೀಲಿಸಲು ಅವಕಾಶ ಉಳಿಯುತ್ತದೆ.